ಸುಭದ್ರಾಬಾಯಿ ಕಟ್ಟಿದ ಗಂಟು

ಆಳಂದದ ಹೈಸ್ಕೂಲು ಮಾಸ್ತರ ಶಾಂತಲಿಂಗಪ್ಪ ೧೯೮೪ರ ಜೂನ್‌ನಲ್ಲಿ ಹೈದರಾಬಾದಿನ ಗುಜರಿಯಿಂದ ಮಹಾಯುದ್ಧದ ಕಾಲದ ವಿಮಾನದ ರೇಡಿಯೋ ಒಂದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದ. ಅದು ಅವನ ನಾಲ್ಕನೆಯದು. ಅವನಿಗೆ ಹ್ಯಾಮ್ ಲೈಸೆನ್ಸ್ ಇತ್ತು; ಮನೆಯಲ್ಲೇ ಕೂತು ದೂರದೇಶದವರೊಡನೆ ವೈರ್‌ಲೆಸ್ಸಿನಲ್ಲಿ ಮಾತಾಡುವ ಹವ್ಯಾಸಿಗಳಿಗೆ ಸರಕಾರ ಕೊಡುವ ಪರವಾನಗಿ. ರೇಡಿಯೋ ಇಡಲು ಅಡುಗೆಮನೆಯ ಕಪಾಟು ಖಾಲಿಯಾಯಿತು. ಹಿಟ್ಟಿನ ಡಬ್ಬಿಗಳು ನೆಲಕ್ಕೆ ಬಂದವು, ಹಿಂದೆಯೇ ಇರುವೆ ಬಂದವು. ಇರುವೆ ಓಡಿಸುವುದನ್ನು ಯಾರೂ ಹವ್ಯಾಸ ಅನ್ನುವುದಿಲ್ಲ.

ಹೆಂಡತಿ ಸುಭದ್ರಾಬಾಯಿ ಸರಸಂಬಾ ಹಳ್ಳಿಯ ಹುಡುಗಿ, ಏಳನೇ ಇಯತ್ತೆ ಪಾಸು. ಮೊದಲು ಅವಳ ಪಾಲಿಗೆ ಬಂದದ್ದು ರೇಡಿಯೋಗಳ ಧೂಳು, ಆಮೇಲೆ ಹಸಿರು ಕಿಲುಬು. ಈ ಹೊಸ ಪೆಟ್ಟಿಗೆಯ ಮುಚ್ಚಳ ತೆಗೆದ ದಿನ ಮಾತ್ರ ಅವಳು ಅರಿವೆ ಕೆಳಗಿಟ್ಟು ನೋಡುತ್ತ ಕೂತುಬಿಟ್ಟಳು. ಒಳಗೆ ನೂರಾರು ತಂತಿಗಳನ್ನು ಕಂತೆ ಮಾಡಿ ಮೇಣದ ದಾರದಿಂದ ಬಿಗಿದಿದ್ದರು. ವಿಮಾನ ಎಷ್ಟು ಅದುರಿದರೂ ಸಡಿಲಾಗದಂತೆ, ಬೆರಳಗಲಕ್ಕೊಂದು ಗಂಟು.

“ಇದು ಹೂ ಕಟ್ಟೋ ಗಂಟು ಅದರಿ. ಯಾರೋ ಹೆಣ್ಮಕ್ಕಳೇ ಕಟ್ಟ್ಯಾರ.”

“ಲಡಾಯಿ ವಿಮಾನಕ್ಕ ಹೆಣ್ಮಕ್ಕಳು ಹೂ ಮುಡಸ್ತಾರೇನ್ಬೇ?” ಎಂದು ಮಾಸ್ತರ ನಕ್ಕ.

ಇಲಿ ಕಡಿದ ತಂತಿಗಳನ್ನು ಬೆಸೆದು ಮತ್ತೆ ಕಟ್ಟುವ ತಾಳ್ಮೆ ಅವನಿಗಿರಲಿಲ್ಲ. ಅವನು ಶಾಲೆಗೆ ಹೋದ ಮೇಲೆ, ರೊಟ್ಟಿ ಬಡಿದು, ಬಟ್ಟೆ ಒಗೆದು, ನೀರು ತುಂಬಿ, ಸುಭದ್ರಾಬಾಯಿ ಪೆಟ್ಟಿಗೆಯೆದುರು ಕೂರುತ್ತಿದ್ದಳು. ಬೆಸುಗೆ ಹಾಕುವುದನ್ನು ಗಂಡನಿಗೆ ಬ್ಯಾಟರಿಯ ಬೆಳಕು ಹಿಡಿದು ನಿಂತೇ ಕಲಿತಿದ್ದಳು. ದಾರಕ್ಕೆ ಸವರಲು ಬೇರೆ ಮೇಣವೆಲ್ಲಿ? ಹಣೆಗೆ ಕುಂಕುಮ ನಿಲ್ಲಲೆಂದು ಹಚ್ಚಿಕೊಳ್ಳುವ, ಕುಂಕುಮದ ಬೆರಳು ತಾಗಿ ತಾಗಿ ಕೆಂಪಾದ ಡಬ್ಬಿಯ ಮೇಣವನ್ನೇ ಸವರಿದಳು. ಮೂರು ತಿಂಗಳ ಮಧ್ಯಾಹ್ನಗಳು ಹೀಗೆ ಹೋದ ಮೇಲೆ ಪೆಟ್ಟಿಗೆ ಮಾತಾಡಿತು. ಮಾಸ್ತರ ಶಾಲೆಯಲ್ಲಿ ಪೇಢೆ ಹಂಚಿ ಶಾಬಾಸಗಿರಿ ಪಡೆದ.

ದಸರೆಗೆ ಮೊದಲು ಹೈದರಾಬಾದಿನ ಹ್ಯಾಮ್ ಗೆಳೆಯ ಶರಫುದ್ದೀನ ಜೀಪು ತಂದ. ಪೆಟ್ಟಿಗೆ ಅಲ್ಲಿನ ರೇಡಿಯೋ ಕ್ಲಬ್ಬಿನ ಪ್ರದರ್ಶನಕ್ಕೆ ಹೋಗಬೇಕಿತ್ತು. ಜೊತೆಗಿಡುವ ಚೀಟಿಯ ಮೇಲೆ ದುರಸ್ತಿ ಮಾಡಿದವರ ಹೆಸರು ಬೇಕಿತ್ತು. ಬಾಗಿಲ ಮರೆಯಲ್ಲಿ ಸುಭದ್ರಾಬಾಯಿ ಕಿವಿಗೊಟ್ಟು ನಿಂತಳು. ತನ್ನ ಹೆಸರು ಹೇಳಿಯಾನೆ?

“ಯಾರ ಕೈಗುಣರಿ ಇದು, ಮಾಸ್ತರ?”

“ನಂದೇರಿ, ಸಾಹೇಬ್ರ.”

ಶರಫುದ್ದೀನ ಕನ್ನಡಕ ಏರಿಸಿ ಬಗ್ಗಿದ. “ಮತ್ತ ಈ ಗಂಟೆಲ್ಲಾ ಕೆಂಪಗ್ಯಾಕ ಅದಾವ?”

“ಅದು… ಕಂಪನಿ ಬಣ್ಣರಿ.”

ಶರಫುದ್ದೀನ ಉಗುರಿನಿಂದ ಕೆರೆದು ಮೂಸಿದ. “ಕಂಪನಿಯವರು ಕುಂಕುಮ ಇಟ್ಕೋತಿದ್ರೇನ್ರಿ?”

ಮಾಸ್ತರ ಹಲ್ಲು ಕಿರಿದ. “ಆಕಿನೂ ಒಂದೀಟು ಕೈ ಹಚ್ಯಾಳ ಬಿಡ್ರಿ. ‘ಶಾಂತಲಿಂಗಪ್ಪ ದಂಪತಿ’ ಅಂತ ಬರೀರಿ.”

ಕೈ ಹಚ್ಚಿದ್ದು! ಮೂರು ತಿಂಗಳು ಬೆರಳು ಸುಟ್ಟುಕೊಂಡು ಮಾಡಿದ್ದಕ್ಕೆ ಆ ಮನೆಯಲ್ಲಿದ್ದ ಮಾತು ಅದೊಂದೇ. ಅಡುಗೆಗೂ ಅದೇ, ಬಾಣಂತನಕ್ಕೂ ಅದೇ.

ಸುಭದ್ರಾಬಾಯಿ ಹೊರಗೆ ಬಂದಳು.

“ಕೈ ಹಚ್ಚಿದವರು ನೀವ್ರಿ, ಮುಚ್ಚಳ ಎತ್ತೋವಾಗ. ಮಾಡಿದಾಕಿ ನಾನು. ಭಾಯಿ, ಸುಭದ್ರಾಬಾಯಿ ಅಂತ ಬರೀರಿ. ಇವರ ಹೆಸರೂ ಬರೀರಿ, ಕೊಂಡು ತಂದವರು ಅಂತ. ಅದು ಖರೇನ ಅದ.”

“ಮಂದಿ ನಗ್ತಾರಲೇ!”

“ನಗ್ಲಿ. ಹೆಸರು ಬರಿಯೋತನಕ ಪೆಟ್ಟಿಗಿ ಹೊಸ್ತಿಲ ದಾಟಂಗಿಲ್ಲ.”

ಶರಫುದ್ದೀನ ಪೆನ್ನಿನ ಟೋಪಿ ತೆಗೆದ. “ಸ್ಪೆಲ್ಲಿಂಗ್ ಹೇಳ್ರಿ, ಭಾಬಿ.”

ಅವಳು ಒಂದೊಂದೇ ಅಕ್ಷರ ಹೇಳಿದಳು. ಮಾಸ್ತರ ಗೋಡೆಯ ಕಡೆ ಮುಖ ಮಾಡಿ ಕೂತ. ಪೆಟ್ಟಿಗೆ ಎತ್ತಲು ಏಳಲೇ ಇಲ್ಲ. ಸುಭದ್ರಾಬಾಯಿ ಸೆರಗು ಸಿಕ್ಕಿಸಿ ಒಂದು ಬದಿ ಹಿಡಿದಳು, ಶರಫುದ್ದೀನ ಇನ್ನೊಂದು. ಇಬ್ಬರೂ ಅದನ್ನು ಜೀಪಿಗೇರಿಸಿದರು.