ಕರೀ ಕಲ್ಲಿನ ದಂಡೆ

ಬಾಲಿಗೆ ಹೋದವರೆಲ್ಲ ದಕ್ಷಿಣದ ಬಿಳಿ ಮರಳಿನಲ್ಲಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ನಮ್ಮ ಸಾಂಗ್ಲಿಯ ಟೂರಿನವರೂ ಅದಕ್ಕೇ ಹೊರಟರು. ನನಗೂ ಮಾವಶಿಗೂ ಗದ್ದಲ ಸಾಕಾಗಿತ್ತು. ಒಂದು ಕಾರು ಮಾಡಿಕೊಂಡು ದ್ವೀಪದ ಪೂರ್ವದ ದಂಡೆಗೆ ಹೋಗಿ ಉಳಿದೆವು. ಹಿಂದೆ ಜ್ವಾಲಾಮುಖಿಯ ಬೆಟ್ಟ, ಮುಂದೆ ಸದ್ದಿಲ್ಲದ ಸಮುದ್ರ, ನಡುವೆ ಬೆಟ್ಟ ಉಗುಳಿದ ಕರೀ ಕಲ್ಲುಗಳು. ತೆರೆಗೆ ಉರುಳಿ ಉರುಳಿ ನುಣ್ಣಗಾಗಿದ್ದವು.

ಮಾವಶಿ ನನ್ನ ತಾಯಿಯ ತಂಗಿ. ಮಿರಜಿನಲ್ಲಿ ಮನೆ, ಸಾಂಗ್ಲಿ ಪೇಟೆಯಲ್ಲಿ ಅರಿಷಿಣದ ವ್ಯಾಪಾರ. ಕಾರಿನಿಂದ ಇಳಿದವರೇ ಕಲ್ಲನ್ನು ಕಾಲಿನಿಂದ ಒತ್ತಿ ನೋಡಿದರು. "ನಮ್ಮ ದಂಡೋಬಾ ಗುಡ್ಡದಾಗೂ ಇಂಥಾವs ಅದಾವಲ್ಲ. ಇಷ್ಟ ದೂರ ಇದನ್ನ ನೋಡಾಕ ಬಂದ್ವೇನು?" ಮಾತು ನಿಜವೇ. ನಮ್ಮ ಕಡೆಯ ಕಲ್ಲೂ ಎಂದೋ ಬೆಂಕಿಯಾಗಿ ಹರಿದದ್ದು.

ಮರುದಿನ ಬೆಳಿಗ್ಗೆ ದಂಡೆಯಲ್ಲೇ ಲಿಂಗಪೂಜೆ ಮಾಡುತ್ತೇನೆಂದು ಹೊರಟರು. ಪೂಜೆಯಾಗದೆ ಅವರು ಹನಿ ನೀರನ್ನೂ ಮುಟ್ಟುವುದಿಲ್ಲ. ವಿಮಾನದ ತಪಾಸಣೆಯವರು ಕಸಿದುಕೊಂಡಾರೆಂದು ಲಿಂಗದ ಬೆಳ್ಳಿ ಕರಡಿಗೆಯನ್ನು ಮಿರಜಿನ ಕಪಾಟಿನಲ್ಲೇ ಬಿಟ್ಟು, ಲಿಂಗವನ್ನು ಅರಿವೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು ಬಂದಿದ್ದರು. ಕೂತು ನೋಡಿದರೆ ಗಂಟು ಸಡಿಲಾಗಿದೆ, ಅರಿವೆಯೊಳಗೆ ಏನೂ ಇಲ್ಲ. ಕಾಲು ತೊಳೆಯಲು ಬಗ್ಗಿದಾಗ ಜಾರಿರಬೇಕು. ಅಂಗೈಯಲ್ಲಿ ಅಡಗುವ ಕರೀ ಲಿಂಗ, ಸುತ್ತಲೂ ಅದೇ ಬಣ್ಣದ, ಅದೇ ಗಾತ್ರದ ಕಲ್ಲುಗಳು.

"ಸಿಗೂತನಕಾ ನೀರೂ ಬ್ಯಾಡ ನನಗ" ಎಂದರು. ಊರಿನ ಸ್ವಾಮಿಗಳಿಂದ ಹೊಸದನ್ನು ಪಡೆಯಬಹುದು, ಆದರೆ ಊರು ಮುಟ್ಟುವುದು ಯಾವಾಗ? ಎಪ್ಪತ್ತು ದಾಟಿದ ಜೀವ, ಸಕ್ಕರೆ ಕಾಯಿಲೆ ಬೇರೆ. ನನಗೆ ಭಯವಾಯಿತು.

ಇಬ್ಬರೂ ಹುಡುಕಿದೆವು. ಬಿಸಿಲೇರಿತು. ಅವರು ಇನ್ನೂ ಹನಿ ನೀರು ಕುಡಿದಿರಲಿಲ್ಲ, ನನಗೆ ತಡೆಯಲಾಗಲಿಲ್ಲ. ಲಿಂಗದಂತೆಯೇ ಕಾಣುವ ಒಂದು ಕಲ್ಲನ್ನು ಆರಿಸಿ, ಸೆರಗಿನಿಂದ ಒರೆಸಿ, "ಸಿಕ್ತು ನೋಡ್ರಿ ಮಾವಶಿ" ಎಂದು ಕೊಟ್ಟೆ. ಎಡಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. "ಇದು ಅಲ್ಲ ಬಿಡವ್ವಾ" ಎಂದರು. ಬೈಯಲಿಲ್ಲ. ಕಲ್ಲನ್ನು ಪಕ್ಕಕ್ಕಿಟ್ಟುಕೊಂಡರು.

ಆಮೇಲೆ ಅವರು ಕಣ್ಣಿನ ಗೊಡವೆಗೇ ಹೋಗಲಿಲ್ಲ. ಕಾಲು ತೊಳೆದ ಜಾಗದಲ್ಲಿ ಕೂತು ಒಂದೊಂದೇ ಕಲ್ಲನ್ನು ಎಡಗೈಗೆ ತೆಗೆದುಕೊಳ್ಳುವುದು, ಕೆಳಗಿಡುವುದು. ಲಗ್ನಕ್ಕೂ ಮೊದಲಿನಿಂದ ದಿನಾ ಲಿಂಗ ಹಿಡಿದ ಅಂಗೈ ಅದು. ಬಹಳ ಹೊತ್ತಿನ ಮೇಲೆ ಆ ಅಂಗೈ ಮುಚ್ಚಿಕೊಂಡಿತು, ಮತ್ತೆ ತೆರೆಯಲಿಲ್ಲ. ಲಿಂಗ ಸಿಕ್ಕಿತ್ತು. ನಾನು ಅತ್ತುಬಿಟ್ಟೆ.

ಪೂಜೆ ಮುಗಿಸಿ, ಬೆಟ್ಟಕ್ಕೆ ಮುಖ ಮಾಡಿ ಕೂತು, ಊರಿಂದ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಬೆಟ್ಟದ ತುದಿಯಲ್ಲಿ ಹೊಗೆಯೋ ಮೋಡವೋ ನಿಂತಿತ್ತು. "ಚಂದ ಐತಿ ಬಿಡು" ಎಂದರು. ದ್ವೀಪಕ್ಕೆ ಬಂದ ಮೇಲೆ ಅವರು ಹೊಗಳಿದ್ದು ಅದೇ ಮೊದಲು. ಏಳುವಾಗ ನಾನು ಕೊಟ್ಟ ಕಲ್ಲನ್ನೂ ಸೆರಗಿಗೆ ಕಟ್ಟಿಕೊಂಡರು.

ಅದೀಗ ಮಿರಜಿನ ಅಡಿಗೆಮನೆಯ ಕಿಟಕಿಯಲ್ಲಿದೆ. ಸಾಂಗ್ಲಿಯ ವಿಶ್ರಾಮಬಾಗದ ನನ್ನ ಮನೆಯಿಂದ ನಾನು ಹೋದಾಗ ಯಾರಾದರೂ ಬಂದಿದ್ದರೆ, ನನ್ನೆದುರೇ ಅವರಿಗೆ ಅದನ್ನು ತೋರಿಸುತ್ತಾರೆ.

"ನನಗ ಉಣಸಾಕ ಸುಳ್ಳ ಹೇಳಿದ ಕಲ್ಲರಿ ಇದು. ಹೆಂಗ ಬಿಟ್ಟ ಬರ್ಲಿ?"