ಹೆಗಲಿನಿಂದ ಹೆಗಲಿಗೆ ಒಂದು ದೊಡ್ಡ ಸುತ್ತು

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಮೆಟ್ಟಿಲ ಕೆಳಗಿನ ಈ ಕೋಣೆಯಲ್ಲಿ ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ಹಾಗಾಗಿ ಒಳಗೆ ಬಂದವರೆಲ್ಲ ವಿನಯವಂತರಾಗುತ್ತಾರೆ. ಹೊಲಿಗೆಯಾಕೆ ಕಿಟಕಿಯ ಹತ್ತಿರ ಕೂತು ಅಂಗೈಯಗಲದ ಕಪ್ಪು ಬಟ್ಟೆಯನ್ನು ಎಳೆಯುತ್ತಾರೆ, ಬಿಡುತ್ತಾರೆ, ತಿರುಗಿಸಿ ಮತ್ತೆ ಎಳೆಯುತ್ತಾರೆ.

"ಎಳೆದ್ರೆ ಎಲ್ಲಾ ಬಟ್ಟೇನೂ ಬರುತ್ತೆ. ಬಿಟ್ಟಾಗ ವಾಪಸ್ ಹೋಗುತ್ತಾ, ಅದನ್ನ ನೋಡ್ಬೇಕು."

ಪಕ್ಕದಲ್ಲಿ ಇಲಾಸ್ಟಿಕ್ ಕತ್ತರಿಸುತ್ತಿರುವ ಯಜಮಾನರು ತಲೆ ಎತ್ತುವುದಿಲ್ಲ. "ನನ್ನನ್ನೂ ಹೀಗೇ ಪರೀಕ್ಷೆ ಮಾಡಿ ತಗೊಂಡಿದ್ರೆ ಆಗ್ತಿತ್ತು."

"ಮಾಡಿದ್ದೆ ರೀ. ಅಂಗಡೀಲಿ ಬೇರೆ ಪೀಸ್ ಇರಲಿಲ್ಲ."

ಇವರು ಹೊಲಿಯುವುದು ಬ್ಯಾಲೆ ನರ್ತಕಿಯರ ಲಿಯೊಟಾರ್ಡ್. ಹೆಗಲಿನಿಂದ ತೊಡೆಯ ಬುಡದವರೆಗೆ ಮೈಗಂಟಿ ಕೂರುವ, ಒಂದೇ ತುಂಡಿನ ಉಡುಪು. ಕಾಲ್ಬೆರಳ ತುದಿಯಲ್ಲಿ ನಿಂತ ಹುಡುಗಿಗೆ ಸಭೆ ಚಪ್ಪಾಳೆ ತಟ್ಟುತ್ತದೆ. ಅವಳ ಬೆನ್ನ ಮೇಲಿನ ಹೊಲಿಗೆಗೆ ಯಾರೂ ತಟ್ಟಿದ್ದಿಲ್ಲ. ಹೊಲಿಗೆ ಕಣ್ಣಿಗೆ ಬಿತ್ತೆಂದರೆ ಕೆಲಸ ಕೆಟ್ಟಿದೆ ಎಂದೇ ಅರ್ಥ. ತಾಯಂದಿರಿಗೆ ಇವರು 'ಟೈಲರಮ್ಮ'. ಮಕ್ಕಳಿಗೆ 'ಟೇಪ್ ಆಂಟಿ'.

ಇಪ್ಪತ್ತಾರು ವರ್ಷದ ಹಿಂದೆ ಶಾಲೆಗಳಿಗೆ ಸಮವಸ್ತ್ರ ಹೊಲಿಯುತ್ತಿದ್ದಾಗ, ಬ್ಯಾಲೆ ಶಾಲೆಯ ಮೇಡಂ ಹರಿದ ಲಿಯೊಟಾರ್ಡೊಂದನ್ನು ಹಿಡಿದು ಬಂದರು. ಅದನ್ನು ಪೂರ್ತಿ ಬಿಚ್ಚಿ, ನೋಡಿ, ಮತ್ತೆ ಹೊಲಿದು ಕೊಟ್ಟದ್ದೇ ಇವರ ವಿದ್ಯಾಭ್ಯಾಸ. ಅಲ್ಲಿಂದ ಮುಂದೆ ದಿನಕ್ಕೆ ಎರಡು, ಪ್ರದರ್ಶನದ ತಿಂಗಳಲ್ಲಿ ಮೂರು. ಮೂರು ದಿನಕ್ಕೊಂದು ಸೂಜಿ ಮೊಂಡಾಗುತ್ತಿತ್ತು. ಪೆಡಲ್ ಒತ್ತಿ ಒತ್ತಿ ಬಲಮಂಡಿ ಸವೆದಿದೆ. ದಾರದ ಧೂಳಿಗೆ ಹುಟ್ಟಿದ ಕೆಮ್ಮು ಮನೆಯ ಮೂರನೇ ಸದಸ್ಯನಂತೆ ನೆಲೆಯೂರಿದೆ.

ಆರ್ಡರ್ ಕೊಡುವುದೆಂದರೆ ಇಲ್ಲಿ ಫೋನಿನಲ್ಲಿ ಮುಗಿಯುವ ಮಾತಲ್ಲ. ಹುಡುಗಿಯೇ ಬರಬೇಕು. ಹನ್ನೊಂದು ಅಳತೆ, ಒಂದು ಚೀಟಿ. ಹತ್ತು ಅಳತೆಗಳು ಯಾವ ದರ್ಜಿಗೂ ಗೊತ್ತಿರುವಂಥವು. ಹನ್ನೊಂದನೆಯದು ಟೈಲರಮ್ಮನ ಬಾಯಲ್ಲಿ 'ದೊಡ್ಡ ಸುತ್ತು': ಟೇಪು ಒಂದು ಹೆಗಲಿನಿಂದ ಹೊರಟು ಎದೆ, ಹೊಟ್ಟೆ ಇಳಿದು, ಕಾಲುಗಳ ನಡುವೆ ನುಸುಳಿ, ಬೆನ್ನೇರಿ, ಹೊರಟ ಹೆಗಲಿಗೇ ಬಂದು ಮುಟ್ಟಬೇಕು. ಅದು ತಪ್ಪಿದರೆ ಉಳಿದ ಹತ್ತೂ ದಂಡ.

ತೊಂದರೆಯೆಂದರೆ, ಟೇಪು ಕಂಡ ಕೂಡಲೇ ಹುಡುಗಿಯರು ಉಸಿರು ಬಿಗಿಹಿಡಿಯುತ್ತಾರೆ. ತಾಯಿ ಪಕ್ಕದಲ್ಲಿದ್ದರೆ ತಾಯಿಯೂ ಹಿಡಿಯುತ್ತಾಳೆ. ಅದಕ್ಕೆ ಟೈಲರಮ್ಮನ ಹತ್ತಿರ ಒಂದು ಉಪಾಯವಿದೆ. ಟೇಪು ಹೊಟ್ಟೆಯ ಮೇಲೆ ಬಂದಾಗ ಕೇಳುತ್ತಾರೆ: "ಬೆಳಿಗ್ಗೆ ಏನು ತಿಂದೆ ಪುಟ್ಟಿ?" ಉತ್ತರ ಹೇಳಲು ಬಾಯಿ ತೆರೆಯಬೇಕು, ಉಸಿರು ಹೊರಬೀಳಬೇಕು. ಅಷ್ಟರಲ್ಲಿ ಅಳತೆ ಚೀಟಿ ಸೇರಿರುತ್ತದೆ.

ಮೇಡಂ 'ಗರಿ' ಎಂದು ಅಡ್ಡಹೆಸರಿಟ್ಟ ಹುಡುಗಿ ಮೊದಲು ಬಂದಾಗ ಏಳು ವರ್ಷ, ಮುಂದಿನ ಎರಡು ಹಲ್ಲಿರಲಿಲ್ಲ. ಆ ಪ್ರಶ್ನೆಗೆ ಅವಳ ಉತ್ತರ ಮುಗಿಯುತ್ತಲೇ ಇರಲಿಲ್ಲವಂತೆ. "ಬ್ರೆಡ್ಡು, ಮೊಟ್ಟೆ, ಬಾಳೆಹಣ್ಣು, ತಮ್ಮನ ತಟ್ಟೇದು ಅರ್ಧ... ಟೇಪು ಹಿಡಿದು ಹಿಡಿದು ನನಗೇ ಕೈನೋವು," ಎನ್ನುತ್ತಾರೆ ಟೈಲರಮ್ಮ. ವರ್ಷಕ್ಕೆರಡು ಬಾರಿ ಬರುತ್ತಿದ್ದಳು. ಪ್ರತಿ ಸಲವೂ ಅವಳ ಬ್ರೌನ್ ಪೇಪರಿನ ನಮೂನೆಗೆ ಒಂದು ಪಟ್ಟಿ ಅಂಟಿಸಿ ದೊಡ್ಡದು ಮಾಡುವುದು ರೂಢಿ. ಹದಿಮೂರಕ್ಕೆ ದೊಡ್ಡ ಸುತ್ತು ಐವತ್ತನಾಲ್ಕು ಇಂಚು.

ಆರು ತಿಂಗಳ ನಂತರ ಐವತ್ತೆರಡೂವರೆ.

ಟೈಲರಮ್ಮ ಅನುಮಾನಪಟ್ಟದ್ದು ಟೇಪಿನ ಮೇಲೆ. ಹಳೆಯ ಟೇಪು ಹಿಗ್ಗಿದರೆ ಅಳತೆ ಕಡಿಮೆ ತೋರಿಸುತ್ತದೆ. ಕಸುಬಿನವರಿಗೆಲ್ಲ ಗೊತ್ತಿರುವ ವಿಷಯ. ಟೇಪನ್ನು ಕಸಕ್ಕೆ ಎಸೆದು ಹೊಸದು ತಂದರು. ತಂದು, ಗರಿಯನ್ನು ಮತ್ತೆ ಕರೆದು ಅಳೆಯಲಿಲ್ಲ. ನಮೂನೆಯ ಕಾಗದಕ್ಕೆ ಕತ್ತರಿ ಹಾಕಿ ಚಿಕ್ಕದು ಮಾಡಿ, ಅದೇ ಅಳತೆಗೆ ಹೊಲಿದು ಕೊಟ್ಟರು. "ಕೂತಿತ್ತು, ಚರ್ಮದ ಹಾಗೆ. ಕನ್ನಡಿ ಮುಂದೆ ನಿಂತು ಎಷ್ಟು ಖುಷಿಪಟ್ಟಳು! ನಾನೂ ಪಟ್ಟೆ ನೋಡಿ. ಅದೇ ಹೊಟ್ಟೆ ಉರಿಯೋದು."

ಮುಂದಿನ ಸಲ ಹೊಸ ಟೇಪು ಐವತ್ತು ಅಂದಿತು. ಬಾಗಿಲ ಚೌಕಟ್ಟಿನ ಗುರುತಿನಲ್ಲಿ ಹುಡುಗಿ ಒಂದಿಂಚು ಎತ್ತರವಾಗಿದ್ದಳು. ಬೆಳಿಗ್ಗೆ ಏನು ತಿಂದೆ ಎಂದಾಗ, "ನೀರು" ಅಂದಳು. ಅದನ್ನು ಹೇಳುವಾಗಲೂ ಉಸಿರು ಬಿಡಲಿಲ್ಲ.

ಟೈಲರಮ್ಮ ಪೆನ್ನು ಕೆಳಗಿಟ್ಟರು. ಈ ಅಳತೆಗೆ ಹೊಲಿಯುವುದಿಲ್ಲ ಅಂದರು. ತಾಯಿಗೆ ಸಿಟ್ಟು ಬಂತು: "ಡಾನ್ಸ್ ಮಾಡೋ ಮಕ್ಕಳು ಹೀಗೇ ಇರ್ತಾರೆ ಟೈಲರಮ್ಮ, ನಿಮಗೇನು ಹೊಸದಾ?" ಟೈಲರಮ್ಮ ಸವೆದ ಮಂಡಿಯಲ್ಲೇ ಶಾಲೆಯ ಮೂರು ಮಹಡಿ ಹತ್ತಿ ಹೋಗಿ ಮೇಡಂಗೆ ಹೇಳಿದರು. ಮೇಡಂ ನಯವಾದ ಹೆಂಗಸು, ನಯವಾಗಿಯೇ ಅಂದರು: "ಬಟ್ಟೆ ನಿಮ್ಮದು. ಮೈ ನನಗೆ ಬಿಡಿ."

ಮರುವಾರದಿಂದ ಶಾಲೆಯ ಆರ್ಡರೆಲ್ಲ ಒಂದು ಕಂಪನಿಗೆ ಹೋಗುತ್ತಿದೆ. ಚಿಕ್ಕದು, ನಡುವಿನದು, ದೊಡ್ಡದು; ಫೋನಿನಲ್ಲಿ ಒತ್ತಿದರೆ ಮುಗಿಯಿತು. "ಮೈಗಳು ಮೂರೇ ನಮೂನೆ ಅಂತ ಕಂಪನಿಗೆ ಯಾರು ಹೇಳಿದ್ರೋ," ಎಂದು ಯಜಮಾನರು ಆಗಾಗ ಗೊಣಗುತ್ತಾರೆ. ಈಗ ಉಳಿದಿರುವುದು ದೊಡ್ಡ ವಯಸ್ಸಿನ ಐದಾರು ನರ್ತಕಿಯರು, ಈಜುಡುಗೆಯ ರಿಪೇರಿ. ಕಿಟಕಿಯ ಬಳಿ ಎಳೆಸಿಕೊಳ್ಳುತ್ತಿರುವ ಕಪ್ಪು ಬಟ್ಟೆ ಈ ವಾರದ ಏಕೈಕ ಹೊಸ ಆರ್ಡರು.

ಗರಿ ಅಭ್ಯಾಸದ ನಡುವೆ ಬಿದ್ದು ಇವತ್ತಿಗೆ ಇಪ್ಪತ್ತೆರಡು ದಿನ. ಆಸ್ಪತ್ರೆಯಲ್ಲಿದ್ದಾಳೆ, ಎದ್ದು ನಿಂತಿಲ್ಲ. ಒಂಬತ್ತನೆಯ ದಿನ ತಾಯಿ ಈ ಕೋಣೆಯ ಬಾಗಿಲಿಗೆ ಬಂದರು. ಮೈ ಯಾವಾಗಿನಿಂದ ಇಳಿಯತೊಡಗಿತೆಂದು ಡಾಕ್ಟರು ಕೇಳುತ್ತಿದ್ದಾರೆ; ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಟೈಲರಮ್ಮ ಅಳತೆಗಳ ಡಬ್ಬ ಇಳಿಸಿ ಏಳು ವರ್ಷದ ಚೀಟಿಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಇಲಾಸ್ಟಿಕ್ ಹಾಕಿ ಕೈಗಿಟ್ಟರು. ತಾಯಿ ಅಲ್ಲೇ ನಿಂತು ಒಂದೊಂದಾಗಿ ಓದಿದರು. ಐವತ್ತೆರಡೂವರೆ ಬಂದಾಗ ಕೂತುಬಿಟ್ಟರು.

"ನೀವು ಬೈದಿದ್ರೆ ಚೆನ್ನಾಗಿತ್ತು ಅಂದೆ," ಎನ್ನುತ್ತಾರೆ ಟೈಲರಮ್ಮ. "ಅವರು ಬೈಯಲಿಲ್ಲ. 'ನಾನು ದಿನಾ ಅವಳ ತಲೆ ಬಾಚ್ತಿದ್ದೆನಲ್ಲ' ಅಂದ್ರು. ಅಷ್ಟೇ."

ಗರಿಗೆ ಬಾಯಿಂದ ಇನ್ನೂ ಏನೂ ಇಳಿಯುತ್ತಿಲ್ಲ, ನಳಿಗೆಯಲ್ಲೇ ಆಹಾರ. ಟೈಲರಮ್ಮ ಐವತ್ತೆರಡೂವರೆಗೆ ಹೊಲಿದು ಕೊಟ್ಟ ಆ ಚಿಕ್ಕ ಲಿಯೊಟಾರ್ಡನ್ನು ಹುಡುಗಿ ಮನೆಯಿಂದ ತರಿಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳಂತೆ. ಎದ್ದ ದಿನ ಅದನ್ನೇ ಹಾಕುತ್ತಾಳಂತೆ.

ಶಾಲೆಯ ಆರ್ಡರು ಮರಳಿ ಬರಲಿ ಎಂಬ ಆಸೆಯಿದೆಯೇ ಎಂದರೆ ಟೈಲರಮ್ಮ ಕೈಯಲ್ಲೇ ತಳ್ಳಿಹಾಕುತ್ತಾರೆ. ಆಸೆ ಬೇರೆಯದು.

"ಏಳಲಿ. ಹಾಕಿಕೊಳ್ಳಲಿ. ಅದು ತೊಡೆ ಹತ್ರಾನೇ ಸಿಕ್ಕಿಹಾಕ್ಕೊಳ್ಳಲಿ, ಮೇಲಕ್ಕೆ ಬರದೇ ಇರಲಿ. ನಾನು ಹೊಲಿದಿದ್ದು ಮೈಗೆ ಆಗಬಾರದು ಅಂತ ಇದೊಂದಕ್ಕೇ ಬೇಡ್ಕೊಂಡಿದ್ದು ನಾನು. ಎಷ್ಟು ಬೇಕಾದ್ರೂ ಎಳೆದಾಡಲಿ, ಹೊಲಿಗೆ ಬಿಡಲ್ಲ. ಅದಂತೂ ನನಗೆ ಗೊತ್ತು."