ಅಪ್ಪನ ಫಾರಂ, ಅಮ್ಮನ ಫಾರಂ

ಬೆಳಕು ಹರಿಯುವ ಮೊದಲು ಅವಳು ಗಾಜಿನ ಚೂರು ಗುಡಿಸುತ್ತಾಳೆ. ಕಣ್ಣಿಗೆ ಕಾಣದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯುತ್ತಾಳೆ. ಕಿತ್ತುಬಂದ ಚಿಲಕಕ್ಕೆ ಮತ್ತೆ ಸ್ಕ್ರೂ ತಿರುಗಿಸುತ್ತಾಳೆ. ಹಾಲಿಡುತ್ತಾಳೆ, ಮಗಳ ಶಾಲೆಯ ಅಂಗಿ ಇಸ್ತ್ರಿ ಮಾಡುತ್ತಾಳೆ, ಮುಂಗೈ ಮೇಲಿನ ಹಲ್ಲಿನ ಗುರುತು ಮುಚ್ಚುವಂಥ ಉದ್ದ ತೋಳಿನ ಅಂಗಿಯನ್ನು ತಾನು ತೊಡುತ್ತಾಳೆ. ಗಂಡ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಆರೂವರೆಗೆ ಬರುವಾಗ ಮನೆ ಕನ್ನಡಿಯ ಹಾಗಿರುತ್ತದೆ. ಎಂಟಕ್ಕೆ ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆ ಮಡಚುತ್ತಿರುತ್ತಾಳೆ.

ಮಗಳಿಗೆ ಹದಿನಾಲ್ಕು. ಅಪ್ಪ ಮನೆಯಲ್ಲಿದ್ದರೆ ಬೆಣ್ಣೆ, ಪಾಳಿಗೆ ಹೋದರೆ ಬೆಂಕಿ. ಮಕ್ಕಳು ಮಾಡುವ ಹಿಂಸೆ, ಹಟ, ಕಳ್ಳತನದ ಕುರಿತು ವಿಶ್ವವಿದ್ಯಾಲಯದ ಮನಶ್ಶಾಸ್ತ್ರದವರು ಅಧ್ಯಯನ ನಡೆಸುತ್ತಿದ್ದರು. ಶಾಲೆಯವರೇ ಮಗಳ ಹೆಸರು ಕೊಟ್ಟರು. ತಿಂಗಳಿಗೊಮ್ಮೆ ಅಪ್ಪ, ಅಮ್ಮ ಬೇರೆ ಬೇರೆಯಾಗಿ ಫಾರಂ ತುಂಬಬೇಕು. ವಸ್ತು ಒಡೆಯುತ್ತಾಳೆಯೇ? ಹೊಡೆಯುತ್ತಾಳೆಯೇ? ಅಪ್ಪನದು ಉದ್ದಕ್ಕೂ 'ಎಂದೂ ಇಲ್ಲ'. ಅಮ್ಮನದು ಉದ್ದಕ್ಕೂ 'ಆಗಾಗ'.

"ತಪ್ಪು ತಿಳ್ಕೋಬೇಡಿ," ಎಂದಳು ಸಂಶೋಧಕಿ. "ತುಂಬಾ ದಣಿದಿರೋ ತಾಯಂದಿರು ಕೆಲವು ಸಲ ಜಾಸ್ತಿ ಗುರುತು ಹಾಕ್ತಾರೆ. ಎರಡೂ ಫಾರಂ ಒಂದಕ್ಕೊಂದು ತಾಳೆಯಾದ್ರೆ ಮಾತ್ರ ಚಿಕಿತ್ಸೆಗೆ ತಗೊಳ್ಳೋದು. ಉಳಿದಿರೋದು ಒಂದೇ ಜಾಗ. ಶುಕ್ರವಾರ ಕೊನೇ ಫಾರಂ."

"ಕಡ್ಡೀನ ಗುಡ್ಡ ಮಾಡ್ತೀಯ ನೀನು," ಎಂದ ಗಂಡ. "ನಾನು ಕಂಡಿದ್ದು ಬರೀತೀನಿ. ನೋಡೇ, ಒಂದು ಲೋಟ ಆಚೀಚೆ ಆಗಿದ್ಯಾ?"

ಅವಳು ನೋಡಿದಳು. ಆಗಿರಲಿಲ್ಲ. ಜೋಡಿಸಿದವಳು ಅವಳೇ. ಅಳು ಬರಬಹುದೆಂದು ಕಾದಳು, ಬರಲಿಲ್ಲ. ತಟ್ಟೆ ತೊಳೆದಿಟ್ಟಳು.

ಗುರುವಾರ ಸಂಜೆ, ಅಪ್ಪ ಪಾಳಿಗೆ ಹೊರಟ ಮೇಲೆ, ಮಗಳು ಕಪಾಟಿನ ಗಾಜಿಗೆ ಕುರ್ಚಿ ಎತ್ತಿ ಹೊಡೆದಳು. ಕುರ್ಚಿಯ ಕಾಲೂ ಮುರಿಯಿತು.

"ಅಪ್ಪಂಗೆ ಹೇಳ್ಕೋ ಹೋಗು," ಎಂದಳು ಏದುಸಿರು ಬಿಡುತ್ತ. "ಯಾರು ನಂಬ್ತಾರೆ? ಹೇಗೂ ಬೆಳಗ್ಗೆ ನೀನೇ ಎತ್ತಿಡ್ತೀಯಲ್ಲಮ್ಮ."

ಶುಕ್ರವಾರ ಬೆಳಗ್ಗೆ ಐದಕ್ಕೆ ಅಲಾರಂ ಹೊಡೆಯಿತು. ಅವಳು ಪೊರಕೆ ಹಿಡಿದು ಬಂದಳು. ರೂಢಿಯಂತೆ ಬಗ್ಗಿದಳು. ಕೈಯೂ ಚಾಚಿತು. ಮೇಜಿನ ಮೇಲೆ ಗಂಡನ ಫಾರಂ ಇತ್ತು, ಇನ್ನೂ ಖಾಲಿ.

ಅವಳು ನೆಟ್ಟಗಾದಳು. ಪೊರಕೆಯನ್ನು ಬಾಗಿಲ ಹಿಂದೆ ಇಟ್ಟಳು. ಮಗಳ ಕೋಣೆಯಿಂದ ಸದ್ದಿರಲಿಲ್ಲ. ಉದ್ದ ತೋಳನ್ನು ಮೊಣಕೈವರೆಗೆ ಮಡಚಿದಳು. ಮಗಳ ಚಪ್ಪಲಿಯನ್ನು ಅವಳ ಹಾಸಿಗೆಯ ಪಕ್ಕ, ಗಂಡ ಮನೆಯೊಳಗೆ ಮೆಟ್ಟುವುದನ್ನು ಹೊಸ್ತಿಲ ಒಳಗೆ ಇಟ್ಟಳು, ಕಾಲಿಗೆ ಚುಚ್ಚದಿರಲಿ ಎಂದು. ಆಮೇಲೆ ಮುರಿದ ಕುರ್ಚಿ ಬಿಟ್ಟು ಇನ್ನೊಂದರಲ್ಲಿ, ಆರೂವರೆಯಾಗುವುದನ್ನು ಕಾಯುತ್ತ ಕೂತಳು.